ಅರವತ್ತಕ್ಕಿಂತ ಐವತ್ತೆಂಟೇ ಲೇಸು

ಕನ್ನಡದಲ್ಲಿ ಸವಕಲು ನಾಣ್ಯವೆಂದರೆ ಬೆಲೆಗೆಟ್ಟ ವಸ್ತುವೆಂದೇ ಅರ್ಥ. ಆದರೆ ನಾಣ್ಯ ಸಂಗ್ರಾಹಕರ ನಡುವೆ ಈ ಮಾತನ್ನಾಡುವವರು ತುಸು ಎಚ್ಚರದಿಂದಿರಬೇಕು. ಸವೆತವನ್ನು ಅವರು ಕ್ಷಮಿಸಬಲ್ಲರು. ಅವರು ದೂರವಿಡುವ ನಾಣ್ಯಗಳೇ ಬೇರೆ. ಅವುಗಳಲ್ಲೊಂದು, ಯಾರ ಕೈಯಿಂದ ಕೈಗೂ ದಾಟದ ಹೊಚ್ಚಹೊಸ ನಾಣ್ಯವೆಂದರೆ ವಾಚಕರಿಗೆ ಅಚ್ಚರಿಯಾದೀತು.

ಅಮೆರಿಕದಲ್ಲಿ ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಿಂದ ಅಳೆಯುತ್ತಾರೆ. ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞನು ಆ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1949ರಲ್ಲಿ ಪ್ರಕಟಿಸಿದ ಲೆಕ್ಕವಿದು. ಇಂಥ ನಾಣ್ಯವೆಂದು ಹೇಗೋ ಗುರುತು ಹಿಡಿಯಬಹುದಾದುದಕ್ಕೆ 1. ಲೇಶವೂ ಕುಂದಿಲ್ಲದುದಕ್ಕೆ 70. ಮೊದಲನೆಯದಕ್ಕಿಂತ ಕೊನೆಯದು ಎಪ್ಪತ್ತು ಪಟ್ಟು ಬೆಲೆ ಬಾಳಬೇಕೆಂಬುದು ಅವನ ಎಣಿಕೆ. ಪೇಟೆಯು ಆ ಎಣಿಕೆಯನ್ನು ಬೇಗನೆ ಮೀರಿತು. ಅಂಕಗಳು ಮಾತ್ರ ಉಳಿದುಕೊಂಡವು. ಶೆಲ್ಡನ್ 1977ರಲ್ಲಿ ತೀರಿಕೊಂಡ ಮೇಲೆ ಇನ್ನೊಂದು ಸಂಗತಿ ಬಯಲಿಗೆ ಬಂದಿತು. ನ್ಯೂಯಾರ್ಕಿನ ಅಮೆರಿಕನ್ ನಾಣ್ಯಶಾಸ್ತ್ರ ಸಂಘದ ಸಂಗ್ರಹದಿಂದ ಉತ್ತಮ ಸೆಂಟುಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಕೀಳು ದರ್ಜೆಯವನ್ನು ಇಟ್ಟು ಹೋದವನೂ ಈ ಮಹಾಶಯನೇ. ದರ್ಜೆಯ ಮರ್ಮವನ್ನು ಅವನಷ್ಟು ಬಲ್ಲವರಾದರೂ ಯಾರಿದ್ದರು!

ಈ ಏಣಿಯಲ್ಲಿ 60 ಎಂಬುದೊಂದು ಹೊಸ್ತಿಲು. ಅಲ್ಲಿಂದ ಮೇಲಿನವೆಲ್ಲ ಚಲಾವಣೆಯ ಸವೆತ ತಟ್ಟದವು. 58 ಎಂದರೆ ಹೊಸ್ತಿಲ ಹೊರಗೇ ನಿಂತದ್ದು. ನಡುವಣ 59ನ್ನು ಯಾರೂ ಬಳಸುವುದಿಲ್ಲ. ನ್ಯಾಯವಾಗಿ ನೋಡಿದರೆ 60 ಅಂಕದ ನಾಣ್ಯವೇ ಹೆಚ್ಚು ಚೆಲುವಾಗಿರಬೇಕಲ್ಲವೆ? ಆದರೆ ಆಗುವುದು ಬೇರೆ.

ಮಾರ್ಗನ್ ಡಾಲರ್ ಎಂಬ ಬೆಳ್ಳಿಯ ನಾಣ್ಯವನ್ನು ನೋಡಿದರೆ ಇದು ತಿಳಿಯುತ್ತದೆ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಚಲಾವಣೆಗಾಗಿ ಅಚ್ಚಾದ ಇದರ ತೂಕ 26.73 ಗ್ರಾಂ, ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ. ಜನರಿಗೆ ಬೇಡವಾದ ಈ ಭಾರದ ನಾಣ್ಯಗಳನ್ನು ಸಾವಿರಕ್ಕೊಂದರಂತೆ ಬಟ್ಟೆಯ ಚೀಲಗಳಲ್ಲಿ ತುಂಬಿ ಸರಕಾರದ ನೆಲಮಾಳಿಗೆಗಳಲ್ಲಿ ಒಟ್ಟಿದರು. ಚೀಲವನ್ನು ಎತ್ತುವಾಗ, ಎಸೆಯುವಾಗ, ಎಣಿಸುವಾಗ ನಾಣ್ಯಕ್ಕೆ ನಾಣ್ಯ ತಾಕಿತು. ಸ್ವಾತಂತ್ರ್ಯದೇವಿಯ ವಿಶಾಲವಾದ ಕೆನ್ನೆಯ ಮೇಲೆ ಮರೆಮಾಡಲು ಒಂದು ಗೆರೆಯೂ ಇಲ್ಲ. ಏಟೆಲ್ಲ ಅಲ್ಲಿಯೇ ಎದ್ದು ಕಾಣುತ್ತದೆ. 1962ರ ಕೊನೆಯಿಂದ 1964ರ ಮಾರ್ಚಿಯವರೆಗೆ ಖಜಾನೆಯಿಂದ ಚೀಲಗಳು ಹೊರಬಿದ್ದು ಜನ ಮುಗಿಬಿದ್ದಾಗ, ಒಂದು ದಿನವೂ ಚಲಾವಣೆಯಾಗದ ಎಷ್ಟೋ ಡಾಲರುಗಳ ಮುಖ ಸಿಡುಬಿನ ಕಲೆಗಳಿಂದ ತುಂಬಿದಂತಿತ್ತು. ಸವೆತವಿಲ್ಲವೆಂಬ ಒಂದೇ ಕಾರಣಕ್ಕೆ ಅಂಥವು 60 ಅಥವಾ 61 ಅಂಕ ಪಡೆಯುತ್ತವೆ. ಇತ್ತ, ಚೀಲದ ಸಹವಾಸ ತಪ್ಪಿಸಿಕೊಂಡು ಕೆಲವೇ ದಿನ ಕೈಬದಲಾದ ನಾಣ್ಯದಲ್ಲಿ ದೇವಿಯ ಕಿವಿಯ ಮೇಲಣ ಕೂದಲು, ಹಿಂಬದಿಯ ಹದ್ದಿನ ಎದೆ, ಇಷ್ಟೇ ಸ್ವಲ್ಪ ಮಂಕಾಗಿರುತ್ತವೆ. ಮಿಕ್ಕ ಹೊಳಪೆಲ್ಲ ಹಾಗೆಯೇ. ಅದಕ್ಕೆ ದೊರೆಯುವುದು 58.

ಬೆಲೆಪಟ್ಟಿ ಸಾಮಾನ್ಯವಾಗಿ ಅಂಕವನ್ನು ಹಿಂಬಾಲಿಸುತ್ತದೆ. ಕೊಳ್ಳುವವನ ಕಣ್ಣೂ ಅದನ್ನೇ ಹಿಂಬಾಲಿಸಿದರೆ ಕೆಟ್ಟ ಎಂದು ತಿಳಿಯಬೇಕು. ‘ಚಲಾವಣೆಯಾಗದ್ದು’ ಎಂಬ ಹೆಸರಿಗೆ ಹಣ ತೆತ್ತು, ಗಾಯಗೊಂಡ ಮುಖವನ್ನು ಮನೆಗೆ ತರುತ್ತಾನೆ; ಮುಂದೊಮ್ಮೆ ಮಾರಲು ಹೋದಾಗ ಅದೇ ಮುಖವನ್ನು ನೋಡಿ ಕೊಳ್ಳುವವರು ತಲೆಯಲ್ಲಾಡಿಸುತ್ತಾರೆ. ಆದುದರಿಂದಲೇ ನುರಿತವರು 60, 61ನ್ನು ಬಿಟ್ಟು, ಒಂದೋ 58ಕ್ಕೆ ಇಳಿಯುತ್ತಾರೆ, ಇಲ್ಲವೆ ಕೂಡಿಟ್ಟು 63, 64ಕ್ಕೆ ಏರುತ್ತಾರೆ. ಅಂಕ ಕೊಟ್ಟು ನಾಣ್ಯವನ್ನು ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮುದ್ರಿಸುವ ದೊಡ್ಡ ಸಂಸ್ಥೆಗಳು 1986 ಮತ್ತು 1987ರಲ್ಲಿ ಹುಟ್ಟಿದವು. ಅವುಗಳಲ್ಲೊಂದು 58ನ್ನು ಮೀರದ ನಾಣ್ಯಗಳ ಸಂಗ್ರಹಗಳಿಗೇ ಪ್ರತ್ಯೇಕ ಸ್ಪರ್ಧೆಯನ್ನು ನಡೆಸುವುದುಂಟು. ಆದರೂ ಅಂಕ ಕೊಡುವುದು ಮನುಷ್ಯನ ಕಣ್ಣೇ. ಒಮ್ಮೆ 58 ಎನಿಸಿಕೊಂಡದ್ದು ಮರಳಿ ಕಳುಹಿಸಿದಾಗ 62 ಆಗಿ ಬಂದ ಉದಾಹರಣೆಗಳು ಇಲ್ಲದಿಲ್ಲ.

ಯಾವ ಅಂಕಕ್ಕೂ ಅರ್ಹವಾಗದೆ ಹೋಗುವ ನಾಣ್ಯದ ಗತಿ ಇದಕ್ಕಿಂತ ಕಷ್ಟ. ಅಚ್ಚಿನ ಪೆಟ್ಟು ಬಿದ್ದಾಗ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿದು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಮೂಡುತ್ತವೆ. ನಾಣ್ಯವನ್ನು ಓರೆಮಾಡಿದಾಗ ಬೆಳಕು ಗಾಲಿಯಂತೆ ಸುತ್ತುವುದು ಈ ಗೆರೆಗಳಿಂದಲೇ. ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ ತಿಕ್ಕಿದರೆ ಅವು ಅಳಿಸಿಹೋಗುತ್ತವೆ; ಮತ್ತೆ ಬರುವ ಉಪಾಯವಿಲ್ಲ. ನಮ್ಮ ಮನೆಗಳಲ್ಲಿ ಇಂಥ ಅನಾಹುತ ಭಕ್ತಿಯಿಂದಲೇ ನಡೆಯುತ್ತದೆ. ಅಜ್ಜಿಯ ಪೆಟ್ಟಿಗೆಯಲ್ಲಿ ದೊರೆತ ವಿಕ್ಟೋರಿಯಾ ರಾಣಿಯ ರೂಪಾಯಿಗಳನ್ನು ಕೊಳ್ಳುವವರು ಬರುವ ಹಿಂದಿನ ಸಂಜೆ ಮನೆಮಂದಿ ಕೂತು ತಳತಳ ಬೆಳಗುತ್ತಾರೆ. ಬಂದವನು ತಕ್ಕಡಿ ತೆಗೆದು ಬೆಳ್ಳಿಯ ತೂಕ ಹಿಡಿಯುತ್ತಾನೆ: ರೂಪಾಯಿಗೆ 11.66 ಗ್ರಾಂ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಅನಂತರ ಕಿತ್ತ ರೂಪಾಯಿಗಳದೂ ಇದೇ ಪಾಡು. ಅಂಚಿನಲ್ಲಿ ಉಳಿದ ಬೆಸುಗೆಯ ಕಲೆಯನ್ನು ಸಂಗ್ರಾಹಕನ ಬೆರಳು ಕತ್ತಲೆಯಲ್ಲೂ ಹುಡುಕಿಬಿಡುತ್ತದೆ. ಅಮೆರಿಕದ ಸಂಸ್ಥೆಗಳು ಇಂಥವುಗಳಿಗೆ ಅಂಕವನ್ನೇ ಕೊಡದೆ, ‘ತೊಳೆದದ್ದು’ ಎಂದೋ ‘ಬೆಸೆದದ್ದು’ ಎಂದೋ ಬರೆದು ಕಳುಹಿಸುತ್ತವೆ.

ಇವೆಲ್ಲದರ ನಡುವೆ, ಎಲ್ಲರೂ ಬಿಟ್ಟುದನ್ನೇ ಅರಸುವ ಒಂದು ಪಂಗಡವೂ ಉಂಟು. ಅವರಿಗೆ ಬೇಕಾದುದು 1 ಅಂಕದ ನಾಣ್ಯ. ಕೆಲವರು ಬೆಳ್ಳಿಯ ಡಾಲರೊಂದನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು, ಬೀಗದ ಕೈಗಳ ಜೊತೆಗೆ ತಿಕ್ಕಾಡಲು ಬಿಟ್ಟು ಸವೆಸುತ್ತಾರೆ. ಅವರಿಗಿರುವ ಚಿಂತೆಯೂ ಸಣ್ಣದಲ್ಲ: ಸವೆತ ಇನ್ನೊಂದಿಷ್ಟು ಮುಂದುವರಿದು ಇಸವಿಯೂ ಅಳಿಸಿಹೋದರೆ ಆ ಒಂದು ಅಂಕವೂ ಕೈತಪ್ಪುತ್ತದೆ.