ರೌಟರ್ ಪ್ಲೇಟಿನ ತೂತು ಪುರಾಣ

ರೌಟರ್ ಅಂದ ಕೂಡಲೇ ನಮ್ಮ ಐಟಿ ಮಂದಿಗೆ ನೆನಪಾಗೋದು ವೈಫೈ ಡಬ್ಬಿ. ನಾನು ಹೇಳ್ತಿರೋದು ಮರಗೆಲಸದ ರೌಟರ್ ಬಗ್ಗೆ :) ಅದನ್ನು ಟೇಬಲ್ಲಿನ ಕೆಳಗೆ ತಲೆಕೆಳಗಾಗಿ ಕೂರಿಸಿದರೆ, ಮರವನ್ನೇ ಬಿಟ್ ಕಡೆ ತಳ್ಳಿ ಅಂಚು ಕೆತ್ತಬಹುದು. ಹಾಗೆ ಕೂರಿಸೋಕೆ ಒಂದು ಪ್ಲೇಟ್ ಬೇಕು.

ತಮಾಷೆ ನೋಡಿ... ಅಮೆರಿಕದ ಎಷ್ಟೋ ಕಂಪನಿಗಳ ಪ್ಲೇಟಿನ ಹೊರ ಅಳತೆ ಒಂದೇ, 9¼ × 11¾ ಇಂಚು. ಆದರೆ ರೌಟರಿನ ತಳದ ಸ್ಕ್ರೂ ತೂತುಗಳು ಮಾತ್ರ ಮಾಡೆಲ್‌ಗೊಂದು ಥರ! ಪೋರ್ಟರ್-ಕೇಬಲ್ 690ಕ್ಕೆ ಅಂತ ಕೊರೆದ ಮೂರು ತೂತು ನಿಮ್ಮ ರೌಟರಿಗೂ ಹೊಂದಿದರೆ ಅದು ಅದೃಷ್ಟ. ಹೊಂದದಿದ್ದರೆ "ಎರಡು ಸ್ಕ್ರೂ ಕೂತಿತಲ್ಲ, ಸಾಕು ಬಿಡಿ" ಅನ್ನೋರಿದ್ದಾರೆ. ಖಂಡಿತ ಸಾಲದು. ನಿಮಿಷಕ್ಕೆ 20,000 ಸುತ್ತಿನ ಲೆಕ್ಕದಲ್ಲಿ ತಿರುಗೋ ಬಿಟ್, ಪಕ್ಕದಲ್ಲೇ ನಮ್ಮ ಬೆರಳು.

ನನ್ನ ಓಟು ತೂತಿಲ್ಲದ ಪ್ಲೇಟಿಗೆ. ರೌಟರಿನ ತಳದ ಪ್ಲಾಸ್ಟಿಕ್ ಬಿಲ್ಲೆ ಬಿಚ್ಚಿ, ಮರದ ಮೇಲೆ ಜಾರುವ ಮುಖ ಮೇಲಿರುವಂತೆ ಪ್ಲೇಟಿನ ಮೇಲ್ಬದಿಗೆ ಡಬಲ್ ಸೈಡ್ ಟೇಪ್ ಹಾಕಿ ಅಂಟಿಸಿ. ಬಿಲ್ಲೆಯ ನಡುವಿನ ರಂಧ್ರ ಪ್ಲೇಟಿನ ರಂಧ್ರಕ್ಕೆ ಸರಿಯಾಗಿ ಕೂರಲಿ. ಬಿಲ್ಲೆಯನ್ನು ಮಗುಚಿ ಇಟ್ಟರೆ ತೂತುಗಳು ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಬಹುದು, ಹುಷಾರು! ಆ ತೂತುಗಳನ್ನೇ ಗುರುತಿಟ್ಟುಕೊಂಡು ಕೊರೆಯಿರಿ. ಸ್ಕ್ರೂ ತಲೆ ಪ್ಲೇಟಿನ ಮಟ್ಟಕ್ಕಿಂತ ತುಸು ಕೆಳಗೇ ಇಳಿಯಬೇಕು, ಇಲ್ಲದಿದ್ದರೆ ಮರ ಅಲ್ಲಿ ತಡೆಯುತ್ತೆ. ಬಿಲ್ಲೆಗಿಂತ ಪ್ಲೇಟು ದಪ್ಪ, ಹಾಗಾಗಿ ಅದೇ ಮರೆಯ ಉದ್ದ ಸ್ಕ್ರೂ ತನ್ನಿ.

ಹೊರ ಅಳತೆಯಲ್ಲಿ ಒಪ್ಪಿಕೊಂಡ ಕಂಪನಿಗಳು ಒಳಗಿನ ತೂತಿನಲ್ಲೂ ಒಪ್ಪುವ ತನಕ ನಮ್ಮ ಕೈಯ ಡ್ರಿಲ್ಲೇ ನಮ್ಮ ಸ್ಟ್ಯಾಂಡರ್ಡ್. ನೀವೇನಂತೀರಾ?