ನಂದಿಯ ತಪ್ಪಲಿನ ಬಿಳಿ ದ್ರಾಕ್ಷಾರಸ: ಬೆಳೆಯ ಹಿರಿಮೆಯೂ ಔಷಧದ ಭ್ರಮೆಯೂ

ಚೆನ್ನೈ ನಗರದ ಕನ್ನಡ ಕುಟುಂಬಗಳ ಮದುವೆ, ಷಷ್ಟ್ಯಬ್ದಿ, ಗೃಹಪ್ರವೇಶಗಳಲ್ಲಿ ಹಿರಿಯರು ನಾಲ್ವರು ಒಂದೆಡೆ ಕಲೆತರೆ ಮಾತು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಗುಳಿಗೆಗಳ ಕಡೆಗೆ ಹೊರಳುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಆ ಮಾತಿಗೆ ಹೊಸದೊಂದು ವಿಷಯ ಸೇರಿಕೊಂಡಿದೆ. ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋಗಿ ಬಂದವರೊಬ್ಬರು, ನಂದಿಬೆಟ್ಟದ ಬಳಿ ತಯಾರಾಗುವ ಬಿಳಿ ವೈನನ್ನು ಹೊಗಳುತ್ತಾರೆ. ಅದು ಹೃದಯಕ್ಕೆ ಹಿತ, ಅದರಲ್ಲಿ ಸಕ್ಕರೆಯೇ ಇಲ್ಲ, ಮರದ ಪೀಪಾಯಿಯ ಸೋಂಕೂ ಇಲ್ಲದ ಶುದ್ಧ ದ್ರಾಕ್ಷಿಯ ರಸ, ಆದುದರಿಂದ ಮಧುಮೇಹಿಗಳೂ ಸೇವಿಸಬಹುದು ಎಂದು ಅವರ ವಾದ. ಇದರಲ್ಲಿ ಅರ್ಧ ನಿಜ, ಉಳಿದರ್ಧ ಅಪಾಯಕಾರಿ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯ.

ಮೊದಲು ಆ ಸೀಮೆಯ ವಿಷಯ. ಚೆನ್ನೈಯೂ ನಂದಿಬೆಟ್ಟವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ; ಎರಡೂ 13 ಡಿಗ್ರಿಯ ಆಸುಪಾಸು. ಒಂದು ಕಡಲ ಮಟ್ಟದಲ್ಲಿ ಬೇಯುತ್ತದೆ, ಇನ್ನೊಂದರ ತಪ್ಪಲು ಸುಮಾರು 900 ಮೀಟರ್ ಎತ್ತರದಲ್ಲಿ ತಂಪಾಗಿದೆ. ಬೆಟ್ಟದ ನೆತ್ತಿ 1478 ಮೀಟರ್. ಹಗಲಿನ ಬಿಸಿಲಿನಲ್ಲಿ ಹಣ್ಣಿಗೆ ಸಿಹಿ ಸೇರಿದರೆ, ರಾತ್ರಿಯ ತಂಪಿನಲ್ಲಿ ಅದರ ಹುಳಿ ಉಳಿಯುತ್ತದೆ. ಬಿಳಿ ವೈನಿಗೆ ಪ್ರಾಣವೇ ಆ ಹುಳಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕೆಂಪು ಮಣ್ಣಿನಲ್ಲಿ ಒಂದು ಶತಮಾನಕ್ಕೂ ಹಿಂದಿನಿಂದ ಬೆಳೆದು ಬಂದದ್ದು ಬೆಂಗಳೂರು ನೀಲಿ ದ್ರಾಕ್ಷಿ. 2013ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಹಣ್ಣು ತಿನ್ನುವುದಕ್ಕೆ, ಪಾನಕಕ್ಕೆ, ಸಿಹಿ ವೈನಿಗೆ ಒದಗುತ್ತದೆಯೇ ಹೊರತು ತೆಳುವಾದ ಬಿಳಿ ವೈನಿಗಲ್ಲ. ಅದಕ್ಕಾಗಿ ಫ್ರಾನ್ಸ್ ದೇಶದ ಸೊವಿನ್ಯೋಂ ಬ್ಲಾಂ, ಶೆನಿನ್ ಬ್ಲಾಂ ಮುಂತಾದ ತಳಿಗಳನ್ನು ತರಬೇಕಾಯಿತು. ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ 1988ರಲ್ಲಿ ತೋಟ ಹಾಕಿದಾಗ ಇದೊಂದು ಶ್ರೀಮಂತರ ಹವ್ಯಾಸವೆಂದು ನಕ್ಕವರು ಉಂಟು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸದ ನೀತಿಯನ್ನು ಪ್ರಕಟಿಸಿ, ಪ್ರತ್ಯೇಕ ಮಂಡಳಿಯನ್ನೇ ಸ್ಥಾಪಿಸಿತು.

ಯೂರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ನಂದಿಯ ತಪ್ಪಲಿನಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ರೈತನು ವರ್ಷಕ್ಕೆ ಎರಡು ಸಲ ಕೊಂಬೆ ಸವರುತ್ತಾನೆ: ಬೇಸಿಗೆಯಲ್ಲಿ ಒಮ್ಮೆ, ಮುಂಗಾರು ಹಿಂಜರಿಯುವ ಹೊತ್ತಿಗೆ ಇನ್ನೊಮ್ಮೆ. ಹಣ್ಣು ಕೊಯ್ಯುವುದು ಬೇಸಿಗೆ ಬಲಿಯುವ ಮುನ್ನ, ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ. ನೀರು ಬರುವುದೋ, ಹಲವೆಡೆ ಸಾವಿರ ಅಡಿ ಮೀರಿದ ಕೊಳವೆಬಾವಿಯಿಂದ. ಈ ಶ್ರಮವನ್ನು ಬಲ್ಲವರಾರೂ ಆ ಬೆಳೆಯನ್ನು ಹಗುರವಾಗಿ ಕಾಣಲಾರರು.

ಹಣ್ಣನ್ನು ಹಿಂಡಿದೊಡನೆ ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನು ಮಾತ್ರ ದೊಡ್ಡ ತೊಟ್ಟಿಗಳಲ್ಲಿ ಯೀಸ್ಟಿನೊಡನೆ ಹುದುಗಲು ಬಿಡುತ್ತಾರೆ. ತೊಟ್ಟಿ ತುಕ್ಕು ಹಿಡಿಯದ ಉಕ್ಕಿನದು. ಚೆನ್ನೈಯ ಪಾತ್ರೆಯಂಗಡಿಯವರು ಎವರ್‌ಸಿಲ್ವರ್ ಎನ್ನುವ ಅದೇ ಲೋಹ. ಹೊರಗೋಡೆಯಲ್ಲಿ ತಣ್ಣೀರು ಹರಿಸಿ ಶಾಖವನ್ನು ಸುಮಾರು 15 ಡಿಗ್ರಿಯಲ್ಲಿ ಹಿಡಿದಿಡುತ್ತಾರೆ. ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟ ವೈನಿಗೆ ಸುಟ್ಟ ಮರದ, ವೆನಿಲಾದ ವಾಸನೆ ಬರುತ್ತದೆ. ಉಕ್ಕಿನಲ್ಲಿಟ್ಟದ್ದಕ್ಕೆ ಹಣ್ಣಿನ ವಾಸನೆ ಮಾತ್ರ. ಫ್ರಾನ್ಸಿನ ಪ್ರಸಿದ್ಧ ಶಾಬ್ಲಿ ಸೀಮೆಯಲ್ಲೂ ಬಹುಪಾಲು ಬಿಳಿ ವೈನ್ ತಯಾರಾಗುವುದು ಹೀಗೆಯೇ. ಲೆಕ್ಕದ ದೃಷ್ಟಿಯಿಂದಲೂ ಇದು ವಿವೇಕದ ದಾರಿ. 225 ಲೀಟರಿನ ಪೀಪಾಯಿ ವಿದೇಶದಿಂದ ಬರಬೇಕು, ಕೆಲವೇ ಸುಗ್ಗಿಗಳಲ್ಲಿ ಅದರ ಸಾರ ತೀರುತ್ತದೆ, ಒಳಗಿನ ಸರಕೂ ಬಡ್ಡಿ ತಿನ್ನುತ್ತ ಕೂರುತ್ತದೆ. ಉಕ್ಕಿನ ತೊಟ್ಟಿಯಾದರೋ ದಶಕಗಳ ಆಸ್ತಿ. ಮಾರ್ಚಿಯ ಹಣ್ಣು ಅದೇ ವರ್ಷ ಸೀಸೆ ಸೇರಿ ಹಣವಾಗಿ ಮರಳುತ್ತದೆ. ಬಂಡವಾಳ ಕಡಿಮೆಯಿರುವ ಸೀಮೆ ಈ ಬಗೆಯನ್ನು ನೆಚ್ಚಿಕೊಂಡರೆ ಆಶ್ಚರ್ಯವಿಲ್ಲ.

ಇಷ್ಟು ಹಿರಿಮೆಯನ್ನು ಒಪ್ಪಿಯೂ ಹೇಳಬೇಕಾದ ಮಾತೆಂದರೆ, ಅದು ಔಷಧವಲ್ಲ.

ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತು ಲೋಕಪ್ರಸಿದ್ಧವಾದದ್ದು 1991ರಲ್ಲಿ, ಅಮೆರಿಕದ ಒಂದು ದೂರದರ್ಶನ ಕಾರ್ಯಕ್ರಮದಿಂದ. ಕೊಬ್ಬನ್ನು ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದ್ರೋಗ ಕಡಿಮೆ, ಕಾರಣ ಕೆಂಪು ವೈನ್ ಎಂದು ಅದರ ಸಾರ. ಸೇವಿಸದವರ ಗುಂಪಿನಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿದ್ದರೆಂಬ ಆಕ್ಷೇಪ ಇಂಥ ಅಧ್ಯಯನಗಳ ಮೇಲೆ ಅನಂತರ ಬಂತು. ಅದು ಹಾಗಿರಲಿ. ಆ ವಾದಕ್ಕೆ ಆಧಾರವಾಗಿ ಹೇಳಲಾದ ರೆಸ್ವೆರಟ್ರಾಲ್ ಮೊದಲಾದ ವಸ್ತುಗಳಿರುವುದು ಮುಖ್ಯವಾಗಿ ಸಿಪ್ಪೆಯಲ್ಲಿ. ಬಿಳಿ ವೈನಿನಲ್ಲಿ ಸಿಪ್ಪೆಯನ್ನು ಆರಂಭದಲ್ಲಿಯೇ ಎಸೆದಾಗಿದೆ! ಮದ್ಯವನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಪ್ರಥಮ ವರ್ಗಕ್ಕೆ ಸೇರಿಸಿದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಪೀಪಾಯಿಯಲ್ಲಿಟ್ಟ ಮದ್ಯಸಾರಕ್ಕೂ ಉಕ್ಕಿನಲ್ಲಿಟ್ಟದ್ದಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

ಅಜ್ಜಿಯ ಕಾಲದಿಂದ ಮನೆಯಲ್ಲಿ ದ್ರಾಕ್ಷಾಸವ ಇರಲಿಲ್ಲವೆ ಎಂದು ಕೆಲವರು ಕೇಳುವುದುಂಟು. ಇತ್ತು. ಅದರ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು, ಪ್ರಮಾಣ ಊಟದ ನಂತರ ಒಂದೆರಡು ಮುಚ್ಚಳ, ಅದೂ ಸಮನಾದ ನೀರು ಬೆರೆಸಿ. 20 ಮಿಲಿಲೀಟರಿನಲ್ಲಿ ಹೆಚ್ಚೆಂದರೆ ಒಂದೂವರೆ ಗ್ರಾಮಿನಷ್ಟು ಮದ್ಯಸಾರ. ಶೇ. 12.5ರ ಬಿಳಿ ವೈನಿನ 150 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 15 ಗ್ರಾಮು. 30 ಮಿಲಿಲೀಟರಿನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿರುವುದೇ 10 ಗ್ರಾಮು. ವಿಸ್ಕಿಯ ಹೆಸರೆತ್ತಿದರೆ ಹುಬ್ಬು ಗಂಟಿಕ್ಕುವ ಹಿರಿಯರು ವೈನಿನ ಲೋಟದಲ್ಲಿ ಒಂದೂವರೆ ಪೆಗ್ಗನ್ನು ನಗುನಗುತ್ತ ಸ್ವೀಕರಿಸುತ್ತಾರೆ.

ಇನ್ನು ಸಕ್ಕರೆಯ ಮಾತು. ಒಣ ಬಿಳಿ ವೈನಿನಲ್ಲಿ ಸಕ್ಕರೆ ತೀರ ಕಡಿಮೆ ಎಂಬುದು ದಿಟ. ಹಣ್ಣಿನ ಸಕ್ಕರೆಯೆಲ್ಲ ಮದ್ಯಸಾರವಾಗಿ ಮಾರ್ಪಟ್ಟಿರುತ್ತದೆ. ಆದರೆ ಮಧುಮೇಹಿಗೆ ಅಪಾಯ ಬರುವುದು ಇನ್ನೊಂದು ಬಾಗಿಲಿನಿಂದ. ಊಟವಿಲ್ಲದ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆಯನ್ನು ಒದಗಿಸುವ ಭಂಡಾರ ಯಕೃತ್ತು. ಮದ್ಯಸಾರವನ್ನು ಕರಗಿಸುವ ಕೆಲಸ ಬಿದ್ದಾಗ ಅದು ಹೊಸದಾಗಿ ಸಕ್ಕರೆ ತಯಾರಿಸುವುದನ್ನು ತಗ್ಗಿಸಿಬಿಡುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಗುಳಿಗೆ ನುಂಗುವವರು ಸಂಜೆ ಬರಿಹೊಟ್ಟೆಯಲ್ಲಿ ಒಂದೆರಡು ಲೋಟ ಸೇವಿಸಿದರೆ, ನಡುರಾತ್ರಿ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ತೊದಲು, ಮಂಪರು ಅದರ ಲಕ್ಷಣ. ಮನೆಯವರು ಅಮಲೆಂದು ತಿಳಿದು ಹೊದಿಸಿ ಮಲಗಿಸಿಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಮೆಟ್‌ಫಾರ್ಮಿನ್ ಸೇವಿಸುವವರಿಗೆ ಅತಿಯಾದ ಮದ್ಯ ಬೇರೊಂದು ಬಗೆಯಲ್ಲಿ ಕೇಡು ತರಬಲ್ಲದು. ಸಕ್ಕರೆಯಿಲ್ಲವೆಂಬ ಒಂದೇ ಮಾತಿನಿಂದ ಧೈರ್ಯಗೊಂಡವನಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಹೀಗೆ ಬರೆದರೆ ಕೋಲಾರ, ಚಿಕ್ಕಬಳ್ಳಾಪುರಗಳ ರೈತನ ಹೊಟ್ಟೆಯ ಮೇಲೆ ಹೊಡೆದಂತಾಗದೆ ಎಂಬ ಆಕ್ಷೇಪ ಬರಬಹುದು. ಆ ಸೀಮೆಯ ದ್ರಾಕ್ಷಿ ಬೆಳೆಗಾರರಲ್ಲಿ ಹೆಚ್ಚಿನವರು ತಿನ್ನುವ ಹಣ್ಣಿನವರು. ಅವರನ್ನು ಕಾಡುವುದು ಅಕಾಲದ ಮಳೆ, ಬೂಜುರೋಗ, ಕುಸಿಯುವ ಬೆಲೆ. ವೈನಿನ ತಳಿ ಬೆಳೆಯುವ ಕೆಲವರಿಗೂ ಕಂಪನಿಯ ಒಪ್ಪಂದದ ದರ ಮುಖ್ಯ. ಚೆನ್ನೈಯ ಮಧುಮೇಹಿಯೊಬ್ಬನು ಔಷಧವೆಂದು ಭ್ರಮಿಸಿ ಕುಡಿಯುವ ಲೋಟ ಅವರ ಸಾಲವನ್ನು ತೀರಿಸುವುದಿಲ್ಲ. ಮದ್ಯದ ಸೀಸೆಯ ಮೇಲೆ ಆರೋಗ್ಯದ ಗುಣಗಾನ ಮುದ್ರಿಸಬಾರದೆಂದು 2018ರ ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ಸೀಸೆಗೆ ನಿಷಿದ್ಧವಾದ ಆ ಮಾತು ಈಗ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ರೈತನಿಗೆ ನೆರವಾಗಬೇಕೆಂಬ ಮನಸ್ಸುಳ್ಳವರು ಫೆಬ್ರವರಿಯಲ್ಲಿ ಬೆಂಗಳೂರಿಗೆ ಹೋದಾಗ ದೇವನಹಳ್ಳಿಯ ದಾರಿಯಲ್ಲಿ ಒಂದು ಬುಟ್ಟಿ ನೀಲಿ ದ್ರಾಕ್ಷಿಯನ್ನು ಬೆಳೆದವನ ಕೈಯಿಂದಲೇ ಕೊಳ್ಳಬಹುದು. ಮಧುಮೇಹಿಗಳು ಅದನ್ನೂ ಎಣಿಸಿಯೇ ತಿನ್ನಬೇಕು.