ಲಾ ಕಾಲೇಜಿನ ಪಾಠ ಮೊಹಲ್ಲಾಕ್ಕೂ ಬರಲಿ

ಮನೆಯ ಹುಡುಗನನ್ನು ಪೊಲೀಸರು ಠಾಣೆಗೆ ಕರೆದುಕೊಂಡು ಹೋದರೆ ನಮ್ಮಲ್ಲಿ ಮೊದಲ ಫೋನು ಯಾರಿಗೆ ಹೋಗುತ್ತದೆ? ಹೆಚ್ಚಾಗಿ ಪರಿಚಯದ ಪುಢಾರಿಗೆ, ಇಲ್ಲವೇ ಜಮಾಅತ್ ಅಧ್ಯಕ್ಷರಿಗೆ. "ದೊಡ್ಡವರಿಂದ ಒಂದು ಮಾತು ಹೇಳಿಸಿ" ಎಂಬುದೇ ಬೇಡಿಕೆ. ಯಾಕೆ ಕರೆದುಕೊಂಡು ಹೋದರು, ಯಾವ ಸೆಕ್ಷನ್ ಹಾಕಿದ್ದಾರೆ, ನೋಟಿಸ್ ಕೊಟ್ಟಿದ್ದಾರಾ ಎಂದು ಕೇಳಬಹುದು ಎಂಬುದೇ ಹಲವರಿಗೆ ಗೊತ್ತಿಲ್ಲ.

ಅದೇ ಮೊಹಲ್ಲಾಗಳಿಂದ ಈಗ ಮಂಗಳೂರು, ಉಡುಪಿ, ಬೆಂಗಳೂರಿನ ಲಾ ಕಾಲೇಜುಗಳಿಗೆ ಮಕ್ಕಳು ಹೋಗುತ್ತಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೂ ಉಂಟು. ಪಿಯುಸಿ ಮುಗಿಸಿದವರು ಐದು ವರ್ಷ, ಡಿಗ್ರಿ ಮುಗಿಸಿದವರು ಮೂರು ವರ್ಷ ಓದುತ್ತಾರೆ. ಅವರ ಜೊತೆ ಕುಳಿತು ಮಾತಾಡಿದರೆ ಒಂದು ಸಿಟ್ಟು ಎದ್ದು ಕಾಣುತ್ತದೆ. ಪುಸ್ತಕದಲ್ಲಿ ಇಷ್ಟೆಲ್ಲ ಹಕ್ಕು ಇರುವಾಗ ಊರಲ್ಲಿ ಯಾಕೆ ಯಾರ ಕೈಗೂ ಸಿಗುವುದಿಲ್ಲ ಎಂಬ ಸಿಟ್ಟು. ಅದು ಸರಿಯಾದ ಸಿಟ್ಟೇ. ಅದನ್ನು ಕೆಲಸಕ್ಕೆ ಹಚ್ಚುವ ಜವಾಬ್ದಾರಿ ಹಿರಿಯರಾದ ನಮ್ಮ ಮೇಲಿದೆ.

ಬಂಧನದ ವಿಷಯವನ್ನೇ ನೋಡಿ. ಬಂಧಿಸಿದವನಿಗೆ ಕಾರಣ ತಿಳಿಸಬೇಕು, ಅವನು ಆರಿಸಿದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುನ್ನೆಚ್ಚರಿಕೆ ಬಂಧನದಂಥ ಪ್ರಕರಣಗಳನ್ನು ಬಿಟ್ಟರೆ ಸಂವಿಧಾನದ 22ನೇ ವಿಧಿ ಹೇಳುವುದು ಇದನ್ನೇ. ಆ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಎಂದು ಪೊಲೀಸರು ಬರೆದಿಡಬೇಕು, ಬೇಡದಿದ್ದರೆ ಹಾಜರಾಗಲು ನೋಟಿಸ್ ಕೊಡಬೇಕು ಎಂಬುದನ್ನು 2014ರ ಅರ್ನೇಶ್ ಕುಮಾರ್ ತೀರ್ಪು ಗಟ್ಟಿ ಮಾಡಿತು. ಲಾ ಓದುವವರಿಗೆ ಇದೆಲ್ಲ ಪರೀಕ್ಷೆಯ ಪ್ರಶ್ನೆ. ಠಾಣೆಯ ಹೊರಗೆ ನಿಂತ ಉಮ್ಮನಿಗೆ ಇದರಲ್ಲಿ ಒಂದೂ ಗೊತ್ತಿಲ್ಲ.

ಜೈಲಿನ ಲೆಕ್ಕ ಇನ್ನೂ ಭಾರ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಇವರಿಗಾಗಿಯೇ ಒಂದು ದಾರಿ ಉಂಟು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೆ ಒಳಗಾಗದವನು ಈಗಿನ ಆರೋಪದ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಉಳಿದವರಿಗೆ ಅರ್ಧ ಅವಧಿ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದು ಸಿಗುವುದಿಲ್ಲ. ಹಳೆಯ ಕೇಸುಗಳಿಗೂ ಇದು ಅನ್ವಯಿಸುತ್ತದೆ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲಿನ ಅಧೀಕ್ಷಕರು. ಅವರು ಹಾಕಿದ್ದಾರಾ ಎಂದು ವಿಚಾರಿಸಲು ಹೊರಗೆ ಒಬ್ಬರಾದರೂ ಬೇಕಲ್ಲವಾ?

ಜಾಮೀನು ಸಿಕ್ಕಿದರೂ ಮುಗಿಯಲಿಲ್ಲ. ಪಹಣಿ ಇರುವ ಒಬ್ಬರು ಶ್ಯೂರಿಟಿ ನಿಲ್ಲಬೇಕು. ಬಾಡಿಗೆ ಮನೆಯಲ್ಲಿರುವ ಕೂಲಿಯವನಿಗೆ ಅಂಥವರು ಎಲ್ಲಿ ಸಿಗುತ್ತಾರೆ? 1978ರಲ್ಲೇ ಮೋತಿರಾಮ್ ಎಂಬ ಮಧ್ಯಪ್ರದೇಶದ ಬಡ ಗಾರೆ ಕೆಲಸದವನಿಗೆ ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಲಾಗಿತ್ತು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಶ್ಯೂರಿಟಿಯನ್ನೂ ಒಪ್ಪಲಿಲ್ಲ. ತಲಶ್ಶೇರಿಯಲ್ಲಿ ವಕೀಲಿಕೆ ಮಾಡಿ ಸುಪ್ರೀಂ ಕೋರ್ಟ್‌ವರೆಗೆ ಏರಿದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದು ಬಡವನಿಗೆ ಅನ್ಯಾಯ ಎಂದು ತೀರ್ಪು ಕೊಟ್ಟು, ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಆ ತೀರ್ಪು ಇಂದಿಗೂ ಲಾ ಕಾಲೇಜುಗಳಲ್ಲಿ ಪಾಠವಾಗಿದೆ. ಶ್ಯೂರಿಟಿಗಾಗಿ ಅಲೆಯುವವರು ಇಂದಿಗೂ ಕೋರ್ಟ್ ಜಗಲಿಯಲ್ಲಿದ್ದಾರೆ.

ತೀರ್ಪು ಬಂದ ಮಾತ್ರಕ್ಕೆ ನ್ಯಾಯ ಮನೆ ತಲುಪುವುದಿಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ಉಂಟು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ ಪೋಸ್ಟ್ ಒಂದಕ್ಕಾಗಿ ಇಬ್ಬರು ಹುಡುಗಿಯರ ಬಂಧನವಾಯಿತು. ಅದನ್ನು ಕಂಡು ಶ್ರೇಯಾ ಸಿಂಘಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದರು. ಐಟಿ ಕಾಯ್ದೆಯ 66ಎ ಸೆಕ್ಷನ್ 2015ರ ಮಾರ್ಚ್ 24ರಂದು ರದ್ದಾದಾಗ ಅವರು ಇನ್ನೂ ಕಾನೂನು ವಿದ್ಯಾರ್ಥಿನಿ. ಆದರೆ ರದ್ದಾದ ಸೆಕ್ಷನ್‌ನಲ್ಲೇ ಪೊಲೀಸರು ಕೇಸು ಹಾಕುತ್ತಿದ್ದಾರೆ ಎಂಬ ದೂರು ಬಂದು, 2021ರಲ್ಲಿ ಸುಪ್ರೀಂ ಕೋರ್ಟೇ ಆಘಾತ ವ್ಯಕ್ತಪಡಿಸಿತು. ಎಫ್‌ಐಆರ್ ಓದಿ, "ಸಾರ್, ಈ ಸೆಕ್ಷನ್ ಈಗ ಇಲ್ಲ" ಎಂದು ಹೇಳುವವರು ಊರೂರಲ್ಲಿ ಇದ್ದಿದ್ದರೆ ಹಾಗಾಗುತ್ತಿತ್ತಾ?

ಇಂಥವರನ್ನು ತಯಾರು ಮಾಡಲು ಕಾನೂನೇ ದಾರಿ ತೋರಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯು ಲಾ ಕಾಲೇಜುಗಳಲ್ಲಿ ಕಾನೂನು ಸೇವಾ ಕ್ಲಿನಿಕ್‌ಗಳಿಗೆ ಪ್ರೋತ್ಸಾಹ ಕೊಡಲು ಹೇಳುತ್ತದೆ. ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕರಾಗಲು ಲಾ ವಿದ್ಯಾರ್ಥಿಗಳಿಗೂ ಅವಕಾಶ ಉಂಟು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರೆಲ್ಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು ಇದೇ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಉಳಿದವರಿಗೆ ಮಾತ್ರ ಆದಾಯದ ಮಿತಿ. 15100 ನಂಬರಿಗೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ.

ಹಾಗಾಗಿ ನಮ್ಮ ಸಲಹೆ ಇಷ್ಟೇ. ದೊಡ್ಡ ಜಮಾಅತ್‌ಗಳು ವಾರಕ್ಕೊಮ್ಮೆ, ಎರಡು ಗಂಟೆ ಹೊತ್ತು, ಮದ್ರಸದ ಒಂದು ಕೋಣೆಯನ್ನು ಇದಕ್ಕೆ ಬಿಟ್ಟುಕೊಡಲಿ. ಒಬ್ಬರು ಅನುಭವಿ ವಕೀಲರ ಉಸ್ತುವಾರಿಯಲ್ಲಿ ಊರಿನ ಲಾ ವಿದ್ಯಾರ್ಥಿಗಳು ಅಲ್ಲಿ ಕುಳಿತು ಜನರ ಕಾಗದಪತ್ರ ಓದಿ ಹೇಳಲಿ, ಅರ್ಜಿ ಬರೆದುಕೊಡಲಿ, ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯ ಬಾಗಿಲು ತೋರಿಸಲಿ. ಜೀವನಾಂಶಕ್ಕೆ ಅಲೆಯುವ ಹೆಂಗಸು, ಗಲ್ಫಿಗೆಂದು ಏಜೆಂಟನಿಗೆ ಹಣ ಕೊಟ್ಟು ಮೋಸ ಹೋದ ಹುಡುಗ ಯಾರಿಗೂ ಹೆದರದೆ ಅಲ್ಲಿಗೆ ಬರುವಂತಾಗಲಿ. ಪಕ್ಕದ ಕಾಲನಿಯ ದಲಿತ, ಕೊರಗ ಕುಟುಂಬಕ್ಕೂ ಆ ಬಾಗಿಲು ತೆರೆದಿರಲಿ. 12ನೇ ಸೆಕ್ಷನ್ ಯಾರ ಧರ್ಮವನ್ನೂ ಕೇಳುವುದಿಲ್ಲ, ನಾವು ಕೇಳುವುದು ಬೇಡ.

"ಇನ್ನೂ ಓದುವ ಮಕ್ಕಳು, ಎಡವಟ್ಟು ಮಾಡಿದರೆ?" ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವಿದ್ಯಾರ್ಥಿ ವಕೀಲನಲ್ಲ, ಕೋರ್ಟಿನಲ್ಲಿ ವಾದಿಸುವ ಹಾಗಿಲ್ಲ. ಹಣ ಮುಟ್ಟಬಾರದು, ಕೇಳಿದ ಗುಟ್ಟು ಹೊರಗೆ ಬಿಡಬಾರದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬೇಕು. ಇಷ್ಟು ನಿಯಮ ಮೊದಲ ದಿನವೇ ಗೋಡೆಗೆ ಅಂಟಿಸಿ. ಹೆಣ್ಣುಮಕ್ಕಳ ಸಂಕಟ ಕೇಳಲು ಲಾ ಓದುವ ಹೆಣ್ಣುಮಕ್ಕಳೇ ಕೂರಲಿ.

ಫೀಸಿಗೆ ಸ್ಕಾಲರ್‌ಶಿಪ್ ಕೊಟ್ಟು, ವೇದಿಕೆಯಲ್ಲಿ ಶಾಲು ಹೊದಿಸಿ ಫೋಟೋ ತೆಗೆಯುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಇನ್ನು ಆ ಮಕ್ಕಳಿಗೆ ಒಂದು ಮೇಜು, ನಾಲ್ಕು ಕುರ್ಚಿ ಕೊಡೋಣ. ಮುಂದಿನ ಮಹಾಸಭೆಯ ಅಜೆಂಡಾದಲ್ಲಿ ಈ ವಿಷಯ ಸೇರಲಿ. ಅದಕ್ಕೂ ಮೊದಲು, ಬರುವ ಶುಕ್ರವಾರದೊಳಗೆ, 15100 ಎಂಬ ನಂಬರು ಎಲ್ಲ ಮಸೀದಿಗಳ ನೋಟಿಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಲಿ.